ಹಂಚು ಸರಿಸಿದ ಜಾಗ

“ಚಾವಡಿ ಮೇಲಿನ ಹಂಚು ಪೂರಾ ಹೋಯ್ತು ಮಾರಾಯ. ಮರ ಬಿದ್ದದ್ದಲ್ಲ, ಬರೀ ಗಾಳಿ” ಎಂದಳು ಅಕ್ಕ ಫೋನಿನಲ್ಲಿ. ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಜಾಸ್ತಿ. “ಈ ಸಲ ಶೀಟು ಹಾಕಿಸುವುದೇ. ನೀನು ಬೆಂಗಳೂರಲ್ಲಿ ಕೂತು ಹಂಚಿನ ಚಂದದ ಬಗ್ಗೆ ಭಾಷಣ ಮಾಡ್ಬೇಡ.” ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ತೆರೆಯುವ ಅಂದಾಜಿನಲ್ಲಿದ್ದದ್ದು ಮಾತ್ರ ನಿಜ. ಅವಳು ಕೇಳದ ಭಾಷಣವನ್ನು ಇಲ್ಲಿ ಮಾಡಿ ಮುಗಿಸುತ್ತೇನೆ.

ಪಾಣೆಮಂಗಳೂರಿನ ಹತ್ತಿರ, ನೇತ್ರಾವತಿಯಿಂದ ಎರಡು ಗದ್ದೆ ಈಚೆಗೆ ನಮ್ಮ ಮನೆ. ಅಲ್ಲಿಯ ಮಳೆಗಾಲವೆಂದರೆ ಮೇಲಿಂದ ಗಾಳಿ, ಕೆಳಗಿಂದ ಹೊಳೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಸೇರಿಕೊಂಡ ಮೇಲೆ ನೇತ್ರಾವತಿಗೆ ಬರುವ ಸೊಕ್ಕೇ ಬೇರೆ. ಎರಡೂ ನದಿಗಳ ನೀರು ಏರಿ ಸಹಸ್ರಲಿಂಗೇಶ್ವರನ ದೇವಸ್ಥಾನದ ಎದುರು ಒಂದಾಯಿತೆಂದರೆ ಅಲ್ಲಿ ಸಂಗಮದ ಸಂಭ್ರಮ. ಗಂಗಾಪೂಜೆ ಮಾಡಿ ಬಾಗಿನ ಬಿಡುತ್ತಾರೆ, ಜನ ನೀರಿಗಿಳಿದು ತಲೆ ಒದ್ದೆ ಮಾಡಿಕೊಳ್ಳುತ್ತಾರೆ. ಹಾಗೆ ಬಾಗಿನ ಪಡೆದು ಹೊರಟ ನೀರೇ ಕೆಳಗೆ ಬಂಟ್ವಾಳ ಪೇಟೆಯ ಅಂಗಡಿ ಬಾಗಿಲಿಗೆ ಬರುವುದು. ಮೇಲಿನವರಿಗೆ ಹಬ್ಬ, ಕೆಳಗಿನವರಿಗೆ ಅಕ್ಕಿ ಸಕ್ಕರೆಯ ಚೀಲ ಮೇಲೆತ್ತುವ ಗಡಿಬಿಡಿ.

ಈಗ ಎಲ್ಲರದ್ದೂ ಮೀಟರ್ ಲೆಕ್ಕ. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5. ಏಳು ದಾಟಿತು, ಏಳೂವರೆ ಆಯಿತು ಎಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಬರುತ್ತಿರುತ್ತದೆ. ದೊಡ್ಡಪ್ಪ ಬದುಕಿರುವಷ್ಟು ಕಾಲ ಈ ಲೆಕ್ಕವನ್ನು ಒಪ್ಪಲಿಲ್ಲ. ಅವರ ಹತ್ತಿರ ಇದ್ದದ್ದು ಎರಡೇ ಅಳತೆ, 1923 ಮತ್ತು 1974ರ ನೆರೆ. ಇಪ್ಪತ್ಮೂರರದ್ದು ಮಾರಿಬೊಳ್ಳ, ಅವರು ಹುಟ್ಟುವ ಮೊದಲಿನದಾದರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಎಪ್ಪತ್ನಾಲ್ಕರದ್ದು ಅವರ ಸ್ವಂತದ್ದು. ಮಿಕ್ಕ ವರ್ಷ ಅಂಗಳಕ್ಕೆ ನೀರು ಬಂದು ನಾವು ಮಕ್ಕಳು ಹೆದರಿ ನಿಂತರೆ, “ಇದೆಂತ ನೆರೆ, ಹೊಳೆ ಸ್ವಲ್ಪ ತಿರುಗಾಡ್ಲಿಕ್ಕೆ ಬಂದದ್ದು” ಎಂದು ಎಲೆಯಡಿಕೆಗೆ ಕೈ ಹಾಕುವರು. ನಾನು ಹುಟ್ಟಿದ್ದು ಎಪ್ಪತ್ನಾಲ್ಕರ ನಂತರ. ಹೀಗಾಗಿ ನಮ್ಮ ಮನೆಯಲ್ಲಿ ನೆರೆಯ ವಿಷಯಕ್ಕೆ ನನ್ನ ಮಾತು ನಡೆಯುವುದಿಲ್ಲ. ಅಕ್ಕನಿಗೆ ಆಗ ನಾಲ್ಕು ವರ್ಷ, ಅವಳನ್ನು ಹಂಚು ಸರಿಸಿದ ತೂತಿನಿಂದ ಹೊರಗೆತ್ತಿದ್ದರು. ಅದು ಅವಳ ಪದವಿ, ಇವತ್ತಿಗೂ ಚಲಾವಣೆಯಲ್ಲಿದೆ.

ಆ ತೂತಿಗೆ ಹೋಗುವ ಮೊದಲು ಹಂಚಿಗೆ ಬರಬೇಕು. ಹೊಳೆ ಘಟ್ಟದಿಂದ ಹೊತ್ತು ತಂದು ಇಕ್ಕೆಲದ ಗದ್ದೆಗಳಲ್ಲಿ ಬಿಟ್ಟುಹೋದ ಆವೆಮಣ್ಣೇ ಮಂಗಳೂರು ಹಂಚಿನ ಬಂಡವಾಳ. ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚುಮೊಳೆಗಳ ನಡುವೆ ಇದ್ದ ಜರ್ಮನಿಯ ಗೆಯಾರ್ಗ್ ಪ್ಲೆಬ್ಸ್ಟ್ ಎಂಬವನು ಈ ಮಣ್ಣನ್ನು ಕೈಯಲ್ಲಿ ಹಿಚುಕಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ, ಹೊಳೆ ಬದಿಯಲ್ಲೇ ಹಂಚಿನ ಕಾರ್ಖಾನೆ ಹಾಕಿದ. ಹಿಚುಕಿ ನೋಡಿದ್ದನ್ನು ನಾನು ಸೇರಿಸಿದ್ದು, ನೋಡದೆ ಇರಲಾರ. ಒಂದಕ್ಕೊಂದು ಕೊಕ್ಕೆ ಹಾಕಿ ಕೂರುವ ಹಂಚಿನ ಮಾದರಿಯನ್ನು ಅಲ್ಸಾಸಿನ ಗಿಲಾರ್ಡೋನಿ ಸಹೋದರರು 1841ರಲ್ಲೇ ಮಾಡಿಟ್ಟಿದ್ದರು. 1868ರಲ್ಲಿ ನಮ್ಮ ಪಾಣೆಮಂಗಳೂರಿನಲ್ಲೇ ಆಲ್ಬುಕರ್ಕ್ ಅವರ ಕಾರ್ಖಾನೆ ಶುರುವಾಯಿತು. ಈ ಮಣ್ಣು ಹಡಗು ಹತ್ತಿ ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಕಾರ್ಖಾನೆಯ ಪಕ್ಕದ ಊರಿನ ನಮ್ಮ ಪಿಜ್ಜನ, ಅಂದರೆ ಮುತ್ತಜ್ಜನ, ಮನೆಗೆ ಮಾತ್ರ ಬಂದಿರಲಿಲ್ಲ. ಅವರದ್ದು ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು.

ಮಾರಿಬೊಳ್ಳದಲ್ಲಿ ಆ ಗೋಡೆಗಳು ಕರಗಿದವು. ಮುಳಿಯ ಮಾಡು ಇಡಿಯಾಗಿ ತೇಲಿಕೊಂಡು ಹೋಯಿತಂತೆ, ಅದರ ಮೇಲೆ ಯಾರದ್ದೋ ಒಂದು ಕೋಳಿ ಕೂತಿತ್ತಂತೆ. ಈ ಕೋಳಿಯನ್ನು ದೊಡ್ಡಪ್ಪ ಒಂದು ಸಲವೂ ಬಿಟ್ಟು ಹೇಳಿದವರಲ್ಲ. ಪಿಜ್ಜ ಎತ್ತರದ ಜಾಗ ನೋಡಿ ಮುರಕಲ್ಲಿನ ಗೋಡೆ ಎಬ್ಬಿಸಿ ಹಂಚು ಹೊದೆಸಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದಿತ್ತು. ಬ್ರಿಟಿಷರು ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಶತ್ರುವಿನ ಆಸ್ತಿಯೆಂದು ಕಿತ್ತುಕೊಂಡು, ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಗಿದ್ದವು. ಹೊಳೆ ಅದೇ, ಮಣ್ಣು ಅದೇ, ಅಚ್ಚಿನ ಮೇಲಿನ ಹೆಸರು ಮಾತ್ರ ಬದಲು.

ಇದೆಲ್ಲ ನನಗೆ ಗೊತ್ತಾದದ್ದು ಅಟ್ಟದಲ್ಲಿ ಅಂಗಾತ ಮಲಗಿ. ಹಂಚಿನ ಅಡಿಮೈಯಲ್ಲಿ ಕಾರ್ಖಾನೆಯ ಹೆಸರು, ಗುರುತು ಒತ್ತಿರುತ್ತಾರೆ. ಮಳೆಗಾಲದ ಮಧ್ಯಾಹ್ನ ಕರೆಂಟು ಹೋದಾಗ ಟಾರ್ಚು ಹಿಡಿದು ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ನಮ್ಮಲ್ಲಿರಲಿಲ್ಲ. ಮಧ್ಯದ ಸಾಲುಗಳಲ್ಲಿ ಕಾಮನ್‌ವೆಲ್ತ್. ಪಡುಗಾಳಿ ನೇರ ಹೊಡೆಯುವ ಅಂಚಿನಲ್ಲಿ ಮಾತ್ರ ಕಲಬೆರಕೆ: ಆನೆ ಗುರುತಿನವು ಆರೇಳು, ನಕ್ಷತ್ರದ್ದು ಒಂದು ಸಾಲು, ಹೆಸರೇ ಇಲ್ಲದ ತೆಳುಗೆಂಪು ಹಂಚು ನಾಲ್ಕೈದು. ಒಂದೊಂದು ಗುಂಪೂ ಒಂದೊಂದು ಬಿರುಗಾಳಿ. ಯಾವ ವರ್ಷ ಎಷ್ಟು ಹಾರಿತು, ಆಗ ಕೈಯಲ್ಲಿ ದುಡ್ಡೆಷ್ಟಿತ್ತು ಎಂಬುದು ಮಾಡಿನ ಒಳಮೈಯಲ್ಲಿ ಬರೆದಿತ್ತು. ಅಡಿಗೆಕೋಣೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಬಾಸೆಲ್ ಮಿಷನ್ನಿನ ಕೆಲವು ಹಂಚುಗಳಿದ್ದವು, 1865 ಎಂದು ಇಸವಿ ಸಮೇತ. ಅದು ಕಾರ್ಖಾನೆಯ ಇಸವಿ. ಆದರೆ ಅದನ್ನು ತೋರಿಸಿ ಮನೆಗೆ ನೂರೈವತ್ತು ವರ್ಷ ಎಂದು ಹೇಳಿಕೊಳ್ಳುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆ ಹಂಚುಗಳು ನಮ್ಮಲ್ಲಿಗೆ ಹೇಗೆ ಬಂದವೆಂಬುದಕ್ಕೆ ಮನೆಯಲ್ಲಿ ಎರಡು ಪಕ್ಷ: ಬಿದ್ದ ಮನೆಯೊಂದರಿಂದ ಕ್ರಯಕ್ಕೆ ತಂದದ್ದು, ಬಿದ್ದ ಮನೆಯೊಂದರಿಂದ ಸುಮ್ಮನೆ ತಂದದ್ದು.

ಎಪ್ಪತ್ನಾಲ್ಕರ ಜುಲೈ, ಆಟಿಯ ಮಳೆ. ಸಂಜೆ ಅಂಗಳದಲ್ಲಿದ್ದ ನೀರು ರಾತ್ರಿ ಚಾವಡಿಗೆ ಹತ್ತಿತು. ದನಗಳ ಹಗ್ಗ ಬಿಚ್ಚಿ ಗುಡ್ಡೆಗೆ ಅಟ್ಟಿದರು. ಮನೆಮಂದಿಯೆಲ್ಲ ಅಟ್ಟ ಹತ್ತಿದರು. ಬೆಳಕು ಹರಿಯುವಾಗ ಏಣಿಯ ಮೇಲಿನ ಮೆಟ್ಟಿಲುಗಳಷ್ಟೇ ಕಾಣುತ್ತಿದ್ದವು. ಹೊಯಿಗೆ ತೆಗೆಯುವ ದೋಣಿಯೊಂದು ಅಡಕೆ ಮರಗಳ ನಡುವೆ ಹುಟ್ಟು ಹಾಕುತ್ತಾ ಬಂತು. ಚಿಕ್ಕಪ್ಪ ಒಳಗಿಂದ ಹಂಚು ಸರಿಸಿದರು. ಮಂಗಳೂರು ಹಂಚಿಗೆ ಮೊಳೆ ಇಲ್ಲ, ಕಟ್ಟಿಲ್ಲ. ಬೆನ್ನಿನ ಕೊಕ್ಕೆಯನ್ನು ರೀಪಿಗೆ ಸಿಕ್ಕಿಸಿಕೊಂಡು ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಅಂಗೈಯಲ್ಲಿ ಮೇಲಕ್ಕೆ ನೂಕಿದರೆ ಆಯಿತು. ಹತ್ತು ಹದಿನೈದು ಹಂಚು ತೆಗೆದು, ಒಂದು ರೀಪು ಮುರಿದರೆ ಒಬ್ಬ ಮನುಷ್ಯ ಹೊರಗೆ ಬರುವಷ್ಟು ಜಾಗ. ಮೊದಲು ಅಕ್ಕ, ಆಮೇಲೆ ಹೆಂಗಸರು, ಕೊನೆಗೆ ಅಜ್ಜಿ.

ಅಜ್ಜಿ ದೋಣಿಗೆ ಇಳಿದು ಕೂತು ತಲೆಯೆತ್ತಿ ನೋಡಿದರು. “ಹಂಚು ಮುಚ್ಚಿ ಬಾ” ಎಂದರು ಚಿಕ್ಕಪ್ಪನಿಗೆ. “ಮಳೆ ಒಳಗೆ ಹೋಗ್ತದೆ.”

ಮನೆಯೊಳಗೆ ಆಳು ಮುಳುಗುವಷ್ಟು ಹೊಳೆ. ದೋಣಿಯವರು ಬೊಬ್ಬೆ ಹೊಡೆದರು, ಹಂಚು ಹಾಳಾಗಿ ಹೋಗಲಿ ಇಳಿಯಿರಿ ಎಂದು. ಚಿಕ್ಕಪ್ಪ ತಾಯಿಯ ಮುಖ ನೋಡಿದರು, ದೋಣಿಯವರ ಮುಖ ನೋಡಿದರು, ಮಾಡಿನ ಮೇಲೆ ಕುಕ್ಕುರು ಕೂತು ಒಂದೊಂದೇ ಹಂಚನ್ನು ಸಾಲಿಗೆ ಸೇರಿಸಿದರು. ರೀಪು ಮುರಿದ ಕಡೆ ನಿಲ್ಲದ ಎರಡನ್ನು ಅಡ್ಡ ಇಟ್ಟರು. ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಈ ಕಥೆ ಬಂದರೆ ನಗು ಹತ್ತು ನಿಮಿಷ. ನಗುವವರು ಅಟ್ಟದಲ್ಲಿ ಅಕ್ಕಿ ಮುಡಿಗಳಿದ್ದವೆಂಬುದನ್ನು ಮರೆಯುತ್ತಾರೆ. ಹೊಳೆ ಅಟ್ಟಕ್ಕೆ ಏರಲಿಲ್ಲ. ನೀರಿಳಿದು ಮೊಣಕಾಲುದ್ದ ಕೆಸರು ತೆಗೆಯುವಾಗ ಆ ಅಕ್ಕಿಯಲ್ಲೇ ಗಂಜಿ ಬೆಂದದ್ದು, ದೋಣಿಯವರಿಗೂ ಬಡಿಸಿದ್ದು.

ಇನ್ನು ಶೀಟಿನ ವಿಷಯ. ಹಂಚಿನ ಮಾಡು ಗಾಳಿಗೆ ಉಸಿರು ಬಿಡುತ್ತದೆ. ಸಂದುಗಳಲ್ಲಿ ಒಂದಿಷ್ಟು ನುಸುಳಲು ಬಿಟ್ಟು, ನಾಲ್ಕು ಸಾಲು ಕಳಕೊಂಡು ಉಳಿದದ್ದನ್ನು ಉಳಿಸಿಕೊಳ್ಳುತ್ತದೆ. ಶೀಟು ಹಾರಿದರೆ ಇಡೀ ಹಾರಿ ಪಕ್ಕದ ಮನೆಯ ಬಾವಿಕಟ್ಟೆಗೆ ಬೀಳುತ್ತದೆ. ಶೀಟಿನ ಕೆಳಗೆ ನೆರೆ ಬಂದರೆ ಹೊರಗೆ ಬರುವುದೆಲ್ಲಿಂದ? ಇದಿಷ್ಟು ನನ್ನ ವಾದ. ಅಕ್ಕನ ವಾದ ಗಿಡ್ಡ. ಮಾಡು ಹತ್ತುವವರು ಸಿಗುವುದಿಲ್ಲ. ಗಾಳಿ ಬಿಟ್ಟದ್ದನ್ನು ಮಂಗ ಒಡೆಯುತ್ತದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಹೊಸ ಹಂಚು ಹಳೆಯದಕ್ಕೆ ಕೂಡುವುದಿಲ್ಲ. ಹಾನಿ ಬರೆದುಕೊಳ್ಳಲು ಬಂದವರು ನಾಲ್ಕು ಫೋಟೊ ತೆಗೆದು ‘ಭಾಗಶಃ’ ಎಂದು ಬರೆದು ಹೋದರು, ಆ ಭಾಗಶಃದಲ್ಲಿ ರೀಪಿನ ಖರ್ಚೂ ಹುಟ್ಟುವುದಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡೆಯೇ ಜರಿದು ಬಂದಾಗ, ಮರುವರ್ಷ ಚಾರ್ಮಾಡಿ, ದಿಡುಪೆಯ ಕಡೆ ಹೊಳೆ ದಿಕ್ಕು ತಪ್ಪಿ ತೋಟಗಳಲ್ಲಿ ಮರಳು, ಮರದ ದಿಮ್ಮಿ ಪೇರಿಸಿದಾಗ ಹಂಚು ಯಾರನ್ನು ಕಾಯಿತು ಎಂದು ಕೇಳಿದಳು. ತೂತಿನಿಂದ ಹೊರಬಂದವಳೇ ಹೀಗಂದ ಮೇಲೆ, ನೆರೆ ಕಾಣದ ನಾನು ಹೇಳುವುದೇನು?

ನಾನು ಊರಿಗೆ ಮುಟ್ಟುವಾಗ ಶೀಟು ಹತ್ತಿಯಾಗಿತ್ತು. ನಿಜ ಹೇಳಬೇಕೆಂದರೆ ಒಳಗೆ ಒಂದು ಹನಿ ಬೀಳುತ್ತಿರಲಿಲ್ಲ. ಮಳೆ ಬಂದಾಗ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಕ್ಕನಿಗೆ ಅದೂ ಒಂದು ಅನುಕೂಲ.

ಅಂಗಳದಲ್ಲಿ ಹಳೆ ಹಂಚಿನ ವ್ಯಾಪಾರಿಯ ಟೆಂಪೊ ನಿಂತಿತ್ತು. ಅವನು ಒಂದೊಂದು ಹಂಚನ್ನೂ ಮಗುಚಿ, ಬೆರಳ ಗೆಣ್ಣಿನಲ್ಲಿ ತಟ್ಟಿ, ಸದ್ದು ಕೇಳಿ ಜೋಡಿಸುತ್ತಿದ್ದ. ಬಿರುಕು ಬಿಟ್ಟದ್ದು ಒಡಕು ಸದ್ದು ಮಾಡುತ್ತದೆ, ಗಟ್ಟಿಯದ್ದು ಟಣ್ಣೆನ್ನುತ್ತದೆ. ಹೆಸರು, ಇಸವಿ ಇದ್ದದ್ದನ್ನು ಬೇರೆ ಇಟ್ಟಿದ್ದ, ಅದಕ್ಕೆ ರೇಟು ಜಾಸ್ತಿಯಂತೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

“ಬೆಂಗಳೂರಿಗೆ. ಹೋಟೆಲಿನವರು ಗೋಡೆಗೆ ಹಾಕ್ತಾರೆ, ಅಕ್ಷರ ಕಾಣುವ ಹಾಗೆ.”

“ಮಾಡಿಗೆ ಅಲ್ವಾ?”

“ಅಲ್ಲಿ ಎಂತಕ್ಕೆ ಮಾಡು? ಅಲ್ಲಿ ಅಂಥ ಮಳೆ ಎಲ್ಲುಂಟು” ಎಂದವನು, ಹಂಚು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಏನೋ ನೆನಪು ಮಾಡಿಕೊಂಡ. “ಅಲ್ಲ, ಮೊನ್ನೆ ಒಂದು ವರ್ಷ ಕಂಪ್ಯೂಟರಿನವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ತಂದದ್ದು ಟಿವಿಯಲ್ಲಿ ಬಂದಿತ್ತಲ್ಲ, ಅದು ನಿಮ್ಮ ಕಡೆಯೇ ಅಲ್ವಾ?”

2022ರ ಸೆಪ್ಟೆಂಬರ್, ಬೆಳ್ಳಂದೂರಿನ ಕಡೆ. ಹೌದೆಂದೆ. ಅವನು 1865ರ ಹಂಚೊಂದನ್ನು ಗೋಣಿಯಲ್ಲಿ ಸುತ್ತುತ್ತಾ, ಹಾಗಾದರೆ ನೀವೇ ಒಂದಿಪ್ಪತ್ತು ಇಟ್ಟುಕೊಳ್ಳಿ, ಒಳ್ಳೆ ರೇಟಿಗೆ ಕೊಡ್ತೇನೆ ಎಂದ.