ಕಬ್ಬಿಣದ ಸುಗ್ಗಿ

ಬೆಲ್ಜಿಯಂ ದೇಶದ ಪಶ್ಚಿಮದ ಅಂಚಿನಲ್ಲಿ ಈಪ್ರ್ ಎಂಬ ಊರಿದೆ. ಉಳುಮೆಯ ಕಾಲದಲ್ಲಿ ಅದರ ಸುತ್ತಣ ಹೊಲಗಳ ನಡುವೆ ನಡೆದು ಹೋಗುವವನಿಗೆ ಮೊದಲು ಕಾಣುವುದು ಕಪ್ಪು ಮಣ್ಣಿನ ಸಾಲುಗಳು, ಮೇಯುತ್ತಿರುವ ಹಸುಗಳು, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಇನ್ನಷ್ಟು ದೂರ ಸಾಗಿದರೆ ದಾರಿಯ ಬದಿಯ ಕಂಬದ ಬುಡದಲ್ಲಿ, ತುಕ್ಕು ಹಿಡಿದು ಮಣ್ಣು ಮೆತ್ತಿಕೊಂಡ ವಸ್ತುವೊಂದು ಕಣ್ಣಿಗೆ ಬೀಳುವುದುಂಟು. ದೂರಕ್ಕೆ ಒನಕೆಯ ತುಂಡಿನಂತೆ ತೋರುವ ಅದು ಫಿರಂಗಿಯ ಗುಂಡು. ಮೊದಲನೆಯ ಮಹಾಯುದ್ಧದಲ್ಲಿ ಹಾರಿಸಿದ್ದು, ಇನ್ನೂ ಸಿಡಿದಿಲ್ಲ. ದಾರಿಹೋಕನು ಅದನ್ನು ಮುಟ್ಟಬಾರದು.

1914ರಿಂದ 1918ರವರೆಗೆ ಎರಡು ಪಕ್ಷದ ಸೇನೆಗಳು ಇಲ್ಲಿ ಕಂದಕಗಳನ್ನು ತೋಡಿಕೊಂಡು ಕಾದಾಡಿದವು. ಸುರಿದ ಗುಂಡುಗಳಲ್ಲಿ ಎಷ್ಟೋ ಕೆಸರಿನ ಮೆತ್ತನೆಯ ನೆಲದಲ್ಲಿ ಸಿಡಿಯದೆ ಹೂತುಹೋದವು. ಈಗ ನೇಗಿಲಿನ ಕುಳ ತಗುಲಿದಾಗ ಅವು ಒಂದೊಂದಾಗಿ ಮೇಲೇಳುತ್ತವೆ. ಜೊತೆಗೆ ಮುಳ್ಳುತಂತಿ, ಸೀಸದ ಗೋಲಿ, ಬೂಟಿನ ಅಟ್ಟೆ. ಅಲ್ಲಿಯ ಜನ ಇದನ್ನು ‘ಕಬ್ಬಿಣದ ಸುಗ್ಗಿ’ ಎನ್ನುತ್ತಾರೆ. ಸುಗ್ಗಿಯೆಂಬ ಸಂತೋಷದ ಮಾತಿಗೆ ಇಂಥ ಅರ್ಥ ಬರಬಾರದಿತ್ತು.

ರೈತನು ಗುಂಡನ್ನು ಹೊಲದ ಅಂಚಿಗೆ ತಂದಿಟ್ಟು ಸುದ್ದಿ ಮುಟ್ಟಿಸುತ್ತಾನೆ. ಸೇನೆಯವರು ಬಂದು ಒಯ್ಯುತ್ತಾರೆ. ಹೀಗೆ ವರ್ಷಕ್ಕೆ ನೂರು ಟನ್ನಿಗೂ ಮಿಕ್ಕ ಮದ್ದುಗುಂಡು ದೊರೆಯುತ್ತದೆ. ಕೆಲವು ಗುಂಡುಗಳಲ್ಲಿ ಸಿಡಿಮದ್ದಿನೊಡನೆ ವಿಷವೂ ಉಂಟು. ಸಾಸಿವೆ ಅನಿಲವನ್ನು ಯುದ್ಧದಲ್ಲಿ ಮೊತ್ತಮೊದಲು ಬಳಸಿದ್ದು 1917ರಲ್ಲಿ, ಇದೇ ಈಪ್ರ್ ಊರಿನ ಬಳಿ. ಹೆಸರೇನೋ ಅಡುಗೆಮನೆಯದು, ಮೈಗೆ ಸೋಕಿದರೆ ಬೊಬ್ಬೆಗಳೇಳುತ್ತವೆ, ಉಸಿರಿನೊಡನೆ ಒಳಹೊಕ್ಕರೆ ಪುಪ್ಪುಸಗಳು ಬೇಯುತ್ತವೆ.

2014ರ ಮಾರ್ಚ್ ತಿಂಗಳಲ್ಲಿ ಈಪ್ರ್‌ನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದೆಡೆ ಹಳೆಯ ಗುಂಡೊಂದು ಸಿಡಿದು ಇಬ್ಬರು ಕೆಲಸಗಾರರು ಮಡಿದರು. ಯುದ್ಧ ಮುಗಿದು ತೊಂಬತ್ತೈದು ವರ್ಷಗಳು ಕಳೆದಿದ್ದವು. ಅದನ್ನು ಹಾರಿಸಿದವನಾಗಲಿ, ಯಾರ ಮೇಲೆ ಹಾರಿಸಿದ್ದನೋ ಅವನಾಗಲಿ ಆಗ ಬದುಕಿರಲಿಲ್ಲ. ಆ ಇಬ್ಬರು ಯಾರೊಡನೆ ಯುದ್ಧ ಹೂಡಿದ್ದರು?

ಈ ಹೊಲಗಳಿಗೆ 1914ರ ಅಕ್ಟೋಬರಿನಲ್ಲಿ ಭಾರತದ ಸೈನಿಕರೂ ಬಂದಿದ್ದರು. ಚಳಿಯ ನಾಡು, ಗುರುತಿಲ್ಲದ ನೆಲ, ಹೋರಾಟವೋ ಪರರದು. ಗೋರಿ ಎಲ್ಲಿದೆಯೆಂದು ತಿಳಿಯದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಊರಿನ ಮೆನಿನ್ ದ್ವಾರದ ಗೋಡೆಗಳಲ್ಲಿ ಕೆತ್ತಿದ್ದಾರೆ. ಅವುಗಳಲ್ಲಿ ಭಾರತೀಯರ ಹೆಸರುಗಳೂ ಸೇರಿವೆ.

ಅಂಥವರ ಎಲುಬುಗಳು ಇಂದಿಗೂ ಒಮ್ಮೊಮ್ಮೆ ಮಣ್ಣಿನಿಂದ ಮೇಲೆ ಬರುತ್ತವೆ. ಆಗ ಉಳುಮೆ ನಿಲ್ಲುತ್ತದೆ. ಅಂಗಿಯ ಗುಂಡಿಯೋ ಲೋಹದ ಬಿಲ್ಲೆಯೋ ಜೊತೆಗಿದ್ದು ಗುರುತು ಹತ್ತಿದರೆ ಗೋರಿಯ ಕಲ್ಲಿನ ಮೇಲೆ ಹೆಸರು ಬರೆಸುತ್ತಾರೆ. ಗುರುತು ಹತ್ತದವನನ್ನೂ ಅಷ್ಟೇ ಗೌರವದಿಂದ ಮಣ್ಣು ಮಾಡುತ್ತಾರೆ.