ಬೆಳ್ಳಿಯ ಮೇಲೆ ಕಾವಲು

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ಶುಕ್ರಗ್ರಹದ ಮೇಲೆ ಮಣ್ಣಿನ ಹೆಂಟೆ ಎಸೆದಿದ್ದೇನೆ. ಏಟು ತಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕಡಲೆಕಾಯಿ ಕೀಳುವ ಕಾಲ. ತಾತನ ಜೊತೆ ಹೊಲದ ಕಾವಲಿಗೆ ಹೋಗಿದ್ದೆ. ಆ ವರ್ಷ ಪಕ್ಕದ ಹೊಲದವರಿಗೂ ನಮಗೂ ಬದುವಿನ ಜಗಳ. ಬಾಂದುಕಲ್ಲನ್ನು ಅವರು ಈಚೆಗೆ ಸರಿಸಿದರೆಂದು ನಾವೂ, ನಾವೇ ಆಚೆಗೆ ನೂಕಿದೆವೆಂದು ಅವರೂ ಹೇಳುತ್ತಿದ್ದೆವು. ಹೀಗಿರುವಾಗ ನಸುಕಿಗೆ ಮುಂಚೆ ಕಣ್ಣು ಬಿಟ್ಟರೆ, ಬದುವಿನಾಚೆ ಹೊಂಗೆಮರದ ಹತ್ತಿರ ಯಾರೋ ಬ್ಯಾಟರಿ ಹಿಡಿದು ನಿಂತಿದ್ದಾರೆ! ಹೆಂಟೆ ಎಸೆದು ಕೂಗಿಕೊಂಡೆ.

ತಾತ ಕಂಬಳಿ ಸರಿಸಿ ಒಮ್ಮೆ ನೋಡಿದರು. "ಬೆಳ್ಳಿ ಕಣ್ಲಾ ಅದು. ಏಳು, ಎತ್ತಿಗೆ ಹುಲ್ಲು ಹಾಕೋ ಹೊತ್ತಾಯ್ತು" ಎಂದರು.

ಈ ಪೆಚ್ಚುತನವನ್ನು ನಾನು ಯಾರಿಗೂ ಹೇಳಿರಲಿಲ್ಲ. 2013ರಲ್ಲಿ ಲಡಾಖಿನ ಸುದ್ದಿಯೊಂದನ್ನು ಪತ್ರಿಕೆಯಲ್ಲಿ ಓದಿದ ಮೇಲೆ ನಾಚಿಕೆ ಸ್ವಲ್ಪ ಕಡಮೆಯಾಯಿತು. ಪ್ಯಾಂಗಾಂಗ್ ಸರೋವರದ ಬಳಿ ಥಾಕುಂಗ್ ಎಂಬಲ್ಲಿ, 2012ರ ಆಗಸ್ಟಿನಿಂದ, ನಮ್ಮ ಸೈನಿಕರಿಗೆ ಎರಡು ಬೆಳಕುಗಳು ಕಾಣಿಸತೊಡಗಿದ್ದವಂತೆ. ಒಂದು ಸಂಜೆ ಮೂಡಿ ಇರುಳೆಲ್ಲ ಇರುವುದು. ಇನ್ನೊಂದು ಬೆಳಗಿನ ಜಾವಕ್ಕೆ ಬಂದು ಹೊತ್ತೇರಿದ ಮೇಲೂ ಕಾಣುವುದು. ಚೀನಾದವರ ಬೇಹುಗಾರಿಕೆಯ ಡ್ರೋನುಗಳೆಂದು ಗುಮಾನಿ. ಮುಂದಿನ ಫೆಬ್ರವರಿಯವರೆಗೆ 329 ಸಲ ಕಂಡದ್ದನ್ನು ಬರೆದಿಟ್ಟರು. ಅದರಲ್ಲಿ 155 ಸಲ ಅವು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿದವೆಂದು ಲೆಕ್ಕ!

ಕೊನೆಗೆ ಸೈನ್ಯದವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸಿನ ವಿಜ್ಞಾನಿಗಳನ್ನು ಕೇಳಿದರು. ಡ್ರೋನಾದರೆ ತನ್ನಿಷ್ಟದಂತೆ ಸುಳಿದಾಡುತ್ತದೆ. ಗ್ರಹವಾದರೆ ನಕ್ಷತ್ರಗಳ ಜೊತೆಯಲ್ಲೇ ಇಡೀ ಆಕಾಶದೊಂದಿಗೆ ಸರಿಯುತ್ತದೆ. ಬರೆದಿಟ್ಟದ್ದನ್ನು ಹಾಗೆ ತಾಳೆ ನೋಡಿದಾಗ ಸಂಜೆಯದು ಗುರು, ಬೆಳಗಿನದು ಶುಕ್ರ ಎಂದು ಗೊತ್ತಾಯಿತು.

ಓದಿ ನಾನೂ ನಕ್ಕೆ. ಗ್ರಹವೊಂದು ಗಡಿ ದಾಟುವುದೆಂದರೇನು? ಆಮೇಲೆ ಭೂಪಟ ತೆಗೆದು ನೋಡಿದೆ. ಅಲ್ಲಿ ಚೀನಾದ ಕಡೆ ಪೂರ್ವ, ನಮ್ಮ ಕಡೆ ಪಶ್ಚಿಮ. ಪೂರ್ವದಲ್ಲಿ ಹುಟ್ಟಿ ಪಶ್ಚಿಮಕ್ಕೆ ಸರಿಯುವುದು ಎಲ್ಲ ಗ್ರಹಗಳ ಪಾಡು. ಅವರ ಬೆಟ್ಟದ ಹಿಂದೆ ಮೂಡಿದ್ದು ನಮ್ಮ ನೆತ್ತಿಯ ಮೇಲೆ ಬರಲೇಬೇಕು. ದಿನವೂ ಅತಿಕ್ರಮಣವೇ!

ನಗು ಅಲ್ಲಿಗೆ ನಿಂತಿತು. ಸುಮಾರು 14 ಸಾವಿರ ಅಡಿಯ ಮೇಲೆ, ತೆಳುಗಾಳಿಯ ನಿರ್ಮಲ ಆಕಾಶದಲ್ಲಿ, ಶುಕ್ರನು ದೀಪದಂತೆಯೇ ಉರಿಯುತ್ತಾನೆ. ಸಂಶಯವೂ ಬರಿಯ ಹುಚ್ಚಲ್ಲ. 2013ರ ಏಪ್ರಿಲಿನಲ್ಲಿ ದೆಪ್ಸಾಂಗಿನಲ್ಲಿ ಚೀನೀ ಸೈನಿಕರು ನಿಜವಾಗಿಯೇ ಬಂದು ಡೇರೆ ಹಾಕಿದರು. ಬೆಳ್ಳಿಯೇ ಇರಬೇಕು ಬಿಡು ಎಂದು ಪಹರೆಯವನು ಕಂಬಳಿ ಎಳೆದುಕೊಳ್ಳುವ ಹಾಗಿಲ್ಲ. ಅವರು ಕಂಡದ್ದನ್ನು ಬರೆದಿಟ್ಟು ಬಲ್ಲವರನ್ನು ಕೇಳಿದರು. ನಾನಾದರೋ ಮೊದಲು ಎಸೆದೆ.

ಮೊನ್ನೆ ತರಗತಿಯಲ್ಲಿ ಪದ್ಯವೊಂದರಲ್ಲಿ ಬೆಳ್ಳಿಯ ಮಾತು ಬಂತು. ನೋಡಿದವರು ಕೈ ಎತ್ತಿ ಎಂದೆ. ಒಬ್ಬ ಹುಡುಗಿ ಕೊರಳ ಸರವನ್ನು ತೋರಿಸಿದಳು.

ತಾತ ಹೋಗಿ ಹದಿನೆಂಟು ವರ್ಷವಾಯಿತು. ಬದುವಿನ ಮೊಕದ್ದಮೆ ಇನ್ನೂ ನಡೆದಿದೆ. ಹೋದ ದಸರೆಗೆ ಊರಿಗೆ ಹೋದಾಗ ಹೊಂಗೆಮರ ಇರಲಿಲ್ಲ. ಯಾರು ಕಡಿದರೆಂದು ಕೇಳಿದರೆ ನಮ್ಮ ಮನೆಯವರು ಅವರ ಕಡೆ ಕೈ ತೋರಿಸಿದರು. ಅವರು ನಮ್ಮ ಕಡೆ.