ಅಂಗೈಯಲ್ಲಿ ಹೆರಾಲ್ಡ್

ನಂದಿಕೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣ ಹೊಡೆಯುವ ಕೆಲಸಕ್ಕೆ ಕೈಹಾಕಬಾರದು. ಗೇಟಿಗಾದರೂ ಸರಿ, ಕಿಟಕಿಯ ಸರಳಿಗಾದರೂ ಸರಿ, ನನ್ನ ಮೇಜಿನ ಮೇಲಿರುವ ಹನ್ನೆರಡು ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಕಾರಿಗಾದರೂ ಸರಿ, ನಿಯಮ ಒಂದೇ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಸ್ಪ್ರೇ ಮಾಡಿದ ಬಣ್ಣದಲ್ಲಿರುವ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತುಂಬಿಕೊಂಡಿರುವ ತೇವ ಆ ತಂಪಿಗೆ ನೀರಾಗಿ ಹಸಿ ಬಣ್ಣದೊಳಗೇ ಕೂತುಬಿಡುತ್ತದೆ. ಹೊಳೆಯಬೇಕಾದ ಕೆಂಪು ಮಂಕಾಗಿ ಬಿಳಿಚಿಕೊಳ್ಳುತ್ತದೆ. ಪಡುಬಿದ್ರಿಯ ಗ್ಯಾರೇಜಿನಲ್ಲಿ ನಿಜವಾದ ಕಾರುಗಳಿಗೆ ಬಣ್ಣ ಹೊಡೆಯುವ ಅಣ್ಣನೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಆಟಿಯಲ್ಲಿ ಪೈಂಟ್ ಹೊಡೆದ್ರೆ ಅದು ಕಾರಿಗಲ್ಲ ಮಾರಾಯ್ರೆ, ಮಳೆಗೆ ಹೊಡೆದದ್ದು."

ಹಾಗಾಗಿ ನನ್ನ ಹವ್ಯಾಸಕ್ಕೂ ನಮ್ಮ ಗದ್ದೆಗಳ ಹಾಗೆಯೇ ಒಂದು ಪಂಚಾಂಗವಿದೆ. ಮಳೆಗಾಲದಲ್ಲಿ ಬಿಚ್ಚುವುದು, ತೊಳೆಯುವುದು, ಮುರಿದದ್ದನ್ನು ಕಟ್ಟುವುದು. ದಸರಾ ಕಳೆದು ಗಾಳಿ ಒಣಗಿದ ಮೇಲೆ ಬಣ್ಣ. ಹಳೆಯ ಪ್ಲಾಸ್ಟಿಕ್ ಮಾದರಿ ಕಾರುಗಳನ್ನು ಮತ್ತೆ ಜೀವಕ್ಕೆ ತರುವ ಈ ಕೆಲಸದಲ್ಲಿ ನನಗೆ ಹೆಚ್ಚು ಪ್ರೀತಿ ಮೊದಲ ಭಾಗದ ಮೇಲೆ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಮೇಜಿನ ದೀಪ, ಕೈಯಲ್ಲಿ ಯಾರೋ ಯಾವಾಗಲೋ ಕಟ್ಟಿ ಮರೆತುಬಿಟ್ಟ ಒಂದು ಕಾರು. ಇದಕ್ಕಿಂತ ಸುಖದ ಸಂಜೆ ನನಗೆ ಗೊತ್ತಿಲ್ಲ.

ಇಂಥ ಕಾರುಗಳು ನಮ್ಮ ಕಡೆಗೆ ಬಂದದ್ದು ಹೆಚ್ಚಾಗಿ ಬೊಂಬಾಯಿಯ ಟ್ರಂಕುಗಳಲ್ಲಿ, ಆಮೇಲೆ ಗಲ್ಫಿನ ಸೂಟ್‌ಕೇಸುಗಳಲ್ಲಿ. ರಜೆಗೆ ಊರಿಗೆ ಬರುವ ಮಾವಂದಿರು ಸೆಂಟಿನ ಬಾಟಲಿ, ಟೇಪ್ ರೆಕಾರ್ಡರ್ ಜೊತೆಗೆ ಮಕ್ಕಳಿಗೆಂದು ಚಿತ್ರವಿರುವ ಪೆಟ್ಟಿಗೆಯೊಂದನ್ನು ತರುತ್ತಿದ್ದರು. ಪೆಟ್ಟಿಗೆಯೊಳಗೆ ಕಾರು ಇರುತ್ತಿರಲಿಲ್ಲ, ಕಾರಿನ ಬಿಡಿಭಾಗಗಳಿರುತ್ತಿದ್ದವು. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದ ಆ ಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಚಿತ್ರ ನೋಡಿಕೊಂಡು ಅಂಟಿಸಬೇಕು.

ಈ ಪೆಟ್ಟಿಗೆಗಳ ಹಿಂದಿನ ಕಥೆಯೂ ಸೊಗಸಾಗಿದೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪೆನಿಯನ್ನು 1939ರಲ್ಲಿ ಶುರುಮಾಡಿದವರು ಹಂಗೇರಿಯಿಂದ ಬಂದ ನಿಕೊಲಸ್ ಕೋವ್. ಮೊದಮೊದಲು ಗಾಳಿ ತುಂಬಿದ ರಬ್ಬರ್ ಆಟಿಕೆ ಮಾಡುತ್ತಿದ್ದ ಈ ಕಂಪೆನಿ 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿ ಮಾಡಿತು. ಅದು ಮಕ್ಕಳಿಗಾಗಿ ಅಲ್ಲ, ಟ್ರ್ಯಾಕ್ಟರ್ ಮಾರಲು ಹೋಗುವವರು ಗಿರಾಕಿಗಳಿಗೆ ತೋರಿಸಲಿಕ್ಕೆ. ಅಮೆರಿಕದಲ್ಲೂ ಹೀಗೆಯೇ. ಎಎಂಟಿ ಕಂಪೆನಿ 1948ರಲ್ಲಿ ಶುರುವಾದಾಗ ಮಾಡಿದ್ದು ಕಾರು ಡೀಲರುಗಳ ಕೌಂಟರಿನ ಮೇಲಿಡುವ ಮಾದರಿಗಳನ್ನು. ಬಿಡಿಭಾಗಗಳ ಪೆಟ್ಟಿಗೆ ಅಲ್ಲಿ 1958ರಲ್ಲಿ ಬಂತು. ಒಂದೇ ಪೆಟ್ಟಿಗೆಯಿಂದ ಕಾರ್ಖಾನೆಯಿಂದ ಬಂದ ಹಾಗಿನ ಕಾರು, ಬದಲಾಯಿಸಿದ ಕಾರು, ರೇಸಿನ ಕಾರು ಈ ಮೂರರಲ್ಲಿ ಬೇಕಾದ್ದನ್ನು ಕಟ್ಟಿಕೊಳ್ಳಬಹುದಿತ್ತು. ವ್ಯಾಪಾರಕ್ಕೆಂದು ಹುಟ್ಟಿದ್ದು ಹೀಗೆ ಮಕ್ಕಳ ಕೈಗೆ ಬಂತು, ಮಕ್ಕಳು ದೊಡ್ಡವರಾದ ಮೇಲೂ ಕೈಯಲ್ಲೇ ಉಳಿಯಿತು.

ಈಗ ಮೇಜಿನ ಮೇಲಿರುವುದು ಏರ್‌ಫಿಕ್ಸ್‌ನವರ ಟ್ರಯಂಫ್ ಹೆರಾಲ್ಡ್, ಮೂವತ್ತೆರಡರಲ್ಲೊಂದು ಅಳತೆಯದು. ಹೆರಾಲ್ಡ್ ಎಂದರೆ ನಮ್ಮ ಹಿರಿಯರಿಗೆ ಇಂದಿಗೂ ಮುಖ ಅರಳುತ್ತದೆ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪೆನಿ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಬೇರೆ ಆಯ್ಕೆಯೇ ಹೆಚ್ಚಿಲ್ಲದ ಕಾಲ ಅದು. ಇಪ್ಪತ್ತೈದು ಅಡಿಯ ವೃತ್ತದಲ್ಲಿ ಪೂರಾ ತಿರುಗುತ್ತಿದ್ದ ಹೆರಾಲ್ಡ್ ನಮ್ಮ ಕರಾವಳಿಯ ಇಕ್ಕಟ್ಟಿನ ಓಣಿಗಳಿಗೆ ಹೇಳಿ ಮಾಡಿಸಿದಂತಿತ್ತು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಮೆಕ್ಯಾನಿಕ್ಕು ಚಕ್ರದ ಮೇಲೇ ಕೂತು ಎಂಜಿನ್ ರಿಪೇರಿ ಮಾಡಬಹುದಿತ್ತು.

ಈ ಕಾರಿನ ಇನ್ನೊಂದು ಗುಣ ನನಗೆ ತುಂಬ ಇಷ್ಟ. ಅದು ಬೇರೆ ಕಾರುಗಳ ಹಾಗೆ ಒಂದೇ ಬೆಸುಗೆಯ ಬಾಡಿಯದಲ್ಲ. ಅದನ್ನು ರೂಪಿಸುವ ಕಾಲದಲ್ಲಿ ಇಂಗ್ಲೆಂಡಿನ ಕಂಪೆನಿಗೆ ಇಡೀ ಬಾಡಿ ಮಾಡಿಕೊಡುವ ಕಾರ್ಖಾನೆ ಕೈತಪ್ಪಿ ಪ್ರತಿಸ್ಪರ್ಧಿಯ ಪಾಲಾಗಿತ್ತು. ಹಾಗಾಗಿ ಸಣ್ಣ ಸಣ್ಣ ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಿ, ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟು ಹಾಕಿ ಜೋಡಿಸುವ ದಾರಿ ಹುಡುಕಿದರು. ಅನಿವಾರ್ಯಕ್ಕೆ ಹುಡುಕಿದ ಈ ದಾರಿಯೇ ವರವಾಯಿತು. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳಿಸಿದರೆ ದೂರದೇಶದಲ್ಲಿ ಸುಲಭವಾಗಿ ಜೋಡಿಸಬಹುದಿತ್ತು. ಅಂದರೆ ರಸ್ತೆಯ ಮೇಲೆ ಓಡಿದ ಹೆರಾಲ್ಡ್ ಕೂಡ ಪೆಟ್ಟಿಗೆಯಲ್ಲಿ ಪಯಣಿಸಿ ಜೋಡಣೆಯಾಗಬಲ್ಲ ಕಾರೇ. ಅದರ ಪ್ಲಾಸ್ಟಿಕ್ ರೂಪವನ್ನು ಬಿಚ್ಚಿ ಮತ್ತೆ ಕಟ್ಟುವಾಗ ನಾನು ಆಟವಾಡುತ್ತಿದ್ದೇನೆ ಅನ್ನಿಸುವುದಿಲ್ಲ, ಆ ಕಾರು ಹುಟ್ಟಿದ ರೀತಿಯನ್ನೇ ಕಲಿಯುತ್ತಿದ್ದೇನೆ ಅನ್ನಿಸುತ್ತದೆ.

ನನ್ನ ಕೈಗೆ ಬಂದಾಗ ಈ ಹೆರಾಲ್ಡಿನ ಮೇಲೆ ಗೇಟಿಗೆ ಬಳಿಯುವ ಕೆಂಪು ಎನಾಮೆಲ್ ಪದರ ಪದರವಾಗಿ ಕೂತಿತ್ತು. ಕಿಟಕಿಯ ಪ್ಲಾಸ್ಟಿಕ್ ಗಾಜು ಅಂಟಿನ ಆವಿಗೆ ಮಬ್ಬಾಗಿತ್ತು. ಹಿಂದಿನ ಬಂಪರ್ ಇರಲಿಲ್ಲ. ಚಕ್ರದ ರಿಮ್ಮುಗಳ ಅಂಚು ಕರಗಿ ಸೊಟ್ಟಗಾಗಿತ್ತು. ಇದು ಹಳೆಯ ಮಾದರಿಗಳಿಗೆ ಬರುವ ಸಾಮಾನ್ಯ ಕಾಯಿಲೆ. ಮೆತ್ತಗಿನ ಟಯರುಗಳ ವಿನೈಲ್ ಮೆತ್ತಗೇ ಇರಲೆಂದು ಅದರಲ್ಲಿ ಬೆರೆಸಿದ ರಾಸಾಯನಿಕ ವರ್ಷಗಟ್ಟಲೆ ಹೊರಗೆ ಜಿನುಗುತ್ತಾ, ತಾಗಿದ ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಬಿಚ್ಚಲು ಮೊದಲ ಉಪಾಯ ಫ್ರಿಜ್ಜು. ಕಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೆಲವು ಗಂಟೆ ಫ್ರೀಜರಿನಲ್ಲಿಟ್ಟರೆ ಹಳೆಯ ಟ್ಯೂಬ್ ಅಂಟು ಸೆಡೆತು ಗಾಜಿನಂತಾಗುತ್ತದೆ. ಹೊರತೆಗೆದ ತಕ್ಷಣ ಜೋಡಣೆಯ ಗೆರೆಯಲ್ಲಿ ತೆಳು ಬ್ಲೇಡು ತೂರಿಸಿ ಮೆಲ್ಲಗೆ ತಿರುಚಬೇಕು. ಟಿಕ್ ಎಂದು ಸದ್ದು ಬಂತೆಂದರೆ ಬಿಟ್ಟಿತೆಂದೇ ಅರ್ಥ. ಆ ಸದ್ದಿಗಾಗಿ ಕಿವಿಗೊಟ್ಟು ಕೂರುವ ಹೊತ್ತಿನಲ್ಲಿ ಬೇರೆ ಯಾವ ಯೋಚನೆಯೂ ತಲೆಯೊಳಗೆ ಬರುವುದಿಲ್ಲ.

ಆಮೇಲೆ ಬಣ್ಣ ಕೀಳುವುದು. ಗ್ಯಾರೇಜಿನಲ್ಲಿ ಸಿಗುವ ಬ್ರೇಕ್ ಆಯಿಲ್ ಎನಾಮೆಲ್ ಬಣ್ಣವನ್ನು ಸಡಿಲಿಸುತ್ತದೆ, ಒಳಗಿನ ಪಾಲಿಸ್ಟೈರೀನನ್ನು ಮುಟ್ಟುವುದಿಲ್ಲ. ಮುಚ್ಚಳವಿರುವ ಡಬ್ಬದಲ್ಲಿ ಬಾಡಿಯನ್ನು ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಕೈಗವಸು ಹಾಕಿಕೊಂಡು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಬೇಕು. ಕೆಂಪು ಲೋಳೆ ಕಳಚುತ್ತಾ ಹೋದಂತೆ ಮೊದಲು ಬಾಗಿಲಿನ ಗೆರೆ ಕಾಣುತ್ತದೆ, ಆಮೇಲೆ ಹಿಡಿಕೆ, ಆಮೇಲೆ ಹಿಂದಿನ ದೀಪದ ಮೇಲಿನ ಚೂಪು ಅಂಚು. ಅಚ್ಚು ಕೊರೆದ ಯಾವುದೋ ಇಂಗ್ಲಿಷ್ ಕುಶಲಕರ್ಮಿಯ ಕೆಲಸ ಇಷ್ಟು ವರ್ಷಗಳ ಬಣ್ಣದಡಿಯಿಂದ ಹೊಸದಾಗಿ ಎದ್ದು ಬರುತ್ತದೆ. ಬಳಸಿದ ಎಣ್ಣೆಯನ್ನು ತೋಡಿಗೋ ಬಾವಿಕಟ್ಟೆಯ ಬಳಿಯೋ ಚೆಲ್ಲಬಾರದು. ಬಾಟಲಿಯಲ್ಲಿ ತುಂಬಿ ಗ್ಯಾರೇಜಿನ ಹಳೆ ಎಣ್ಣೆಯ ಡ್ರಮ್ಮಿಗೆ ಕೊಡುವುದು ನಮ್ಮ ನೀರಿಗೆ ನಾವು ಮಾಡಬೇಕಾದ ಮರ್ಯಾದೆ.

ಈ ಹೆರಾಲ್ಡಿನ ತಳಭಾಗ ತೊಳೆದಾಗ ಒಣಗಿದ ಅಂಟಿನಲ್ಲಿ ಒಂದು ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಸಣ್ಣ ಬೆರಳು, ಗೆರೆಗಳೆಲ್ಲ ಎಣಿಸುವ ಹಾಗಿದ್ದವು. ಯಾವ ಮನೆಯ ಮಗುವೋ, ಅಂಟು ಒಣಗುವ ಮುನ್ನ ಆತುರದಿಂದ ಒತ್ತಿಹಿಡಿದಿತ್ತು. ಮೇಲಿನ ಅಂಟಿನ ಕಲೆಗಳನ್ನೆಲ್ಲ ವಾಟರ್ ಪೇಪರಿನಿಂದ ಉಜ್ಜಿ ತೆಗೆದೆ, ಅದೊಂದನ್ನು ಹಾಗೆಯೇ ಬಿಟ್ಟೆ. ಈ ಕಾರನ್ನು ಮೊದಲು ಕಟ್ಟಿದವರ ಸಹಿ ಅದು. ಅದರ ಮೇಲೆ ನನಗೆ ಹಕ್ಕಿಲ್ಲ.

ಮುರಿದದ್ದನ್ನು ತುಂಬುವ ಕೆಲಸದಲ್ಲಿ ನನಗೆ ತೃಪ್ತಿ ಕೊಡುವ ಸಂಗತಿಯೆಂದರೆ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಮದ್ದು. ಮಾದರಿಯ ಅಂಟು ಅಂಟಿನಂತೆ ಕೆಲಸ ಮಾಡುವುದಿಲ್ಲ. ಎರಡೂ ಅಂಚುಗಳನ್ನು ಕ್ಷಣಕಾಲ ಕರಗಿಸಿ ಒಂದಾಗಿಸಿ ತಾನು ಆವಿಯಾಗಿ ಹೋಗುತ್ತದೆ. ಅದೇ ದ್ರಾವಣದ ಬಾಟಲಿಗೆ ಉಳಿದ ಪ್ಲಾಸ್ಟಿಕ್ ಕಡ್ಡಿಗಳ ಚೂರು ಹಾಕಿಟ್ಟರೆ ಗಟ್ಟಿ ಗಂಜಿಯಂಥ ಪುಟ್ಟಿ ಸಿದ್ಧ. ಬಿರುಕಿಗೆ ಅದನ್ನು ತುಂಬಿ, ಚೆನ್ನಾಗಿ ಒಣಗಲು ಬಿಟ್ಟು ಉಜ್ಜಿದರೆ ಗಾಯ ಎಲ್ಲಿತ್ತೆಂದು ಹುಡುಕಬೇಕು. ವೈಪರ್ ಕಡ್ಡಿ ಬೇಕಾದರೆ ಅದೇ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಾ ಇರಬೇಕು. ಮಧ್ಯಭಾಗ ಮಿನುಗಿ ಜೋಲತೊಡಗಿದಾಗ ಜ್ವಾಲೆಯಿಂದ ಸರಿಸಿ ಎರಡೂ ತುದಿ ಎಳೆಯಬೇಕು. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲೆಳೆ. ಬೇಕಾದ ದಪ್ಪ ಕೈಗೆ ಗೊತ್ತಾಗುತ್ತದೆ, ಬಾಯಿಯಲ್ಲಿ ಹೇಳಿಕೊಡಲು ಬರುವುದಿಲ್ಲ. ಕಳೆದುಹೋದ ಬಂಪರನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ, ಬಿಸಿನೀರಿನಲ್ಲಿ ಬಾಗಿಸಿ ಮಾಡಿದೆ. ಮಬ್ಬಾದ ಕಿಟಕಿಗಳನ್ನು ಅತಿ ನಯವಾದ ಪೇಪರಿನಿಂದ ಉಜ್ಜಿ, ಕೊನೆಗೆ ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಬೆಳಕು ಮತ್ತೆ ಒಳಗೆ ಹಾಯುತ್ತದೆ.

ಪುಟ್ಟದನ್ನು ಸರಿಯಾಗಿ ಮಾಡಬೇಕಾದರೆ ದೊಡ್ಡದನ್ನು ಚೆನ್ನಾಗಿ ನೋಡಿರಬೇಕು. ಅದಕ್ಕಾಗಿ ಕಾರ್ಕಳದ ದಾರಿ ಹಿಡಿದು ಧರ್ಮಸ್ಥಳಕ್ಕೆ ಹೋದಾಗಲೆಲ್ಲ ಅಲ್ಲಿನ ಹಳೆಯ ಕಾರುಗಳ ಸಂಗ್ರಹದ ಮುಂದೆ ಬಹಳ ಹೊತ್ತು ನಿಲ್ಲುತ್ತೇನೆ. ಗಾಜಿನ ಸುತ್ತಲ ರಬ್ಬರ್ ಎಷ್ಟು ಅಗಲ, ಕ್ರೋಮ್ ಪಟ್ಟಿ ಬಾಗಿಲಿನ ಎಲ್ಲಿ ನಿಲ್ಲುತ್ತದೆ, ನೆರಳಿನಲ್ಲಿ ಹಳೆಯ ಕೆಂಪು ಎಷ್ಟು ಕಂದು ಎಂಬುದೆಲ್ಲ ಫೋಟೋದಲ್ಲಿ ಸಿಗುವುದಿಲ್ಲ, ಎದುರು ನಿಂತಾಗ ಸಿಗುತ್ತದೆ. ಅಳತೆಯ ಲೆಕ್ಕವೂ ಮನಸ್ಸಿನಲ್ಲಿರಬೇಕು. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ ಬಣ್ಣ ಕೂತರೆ ನಿಜವಾದ ಕಾರಿನ ಮೇಲೆ ಮೂರು ಮಿಲಿಮೀಟರಿಗಿಂತ ದಪ್ಪ ಬಳಿದಂತೆ. ಬಾಗಿಲಿನ ಗೆರೆ ಮುಚ್ಚಿಹೋಗುವುದು ಇದರಿಂದಲೇ.

ದಸರಾ ಮುಗಿದ ಮೇಲೆ ಬೆಳಗಿನ ಇಬ್ಬನಿ ಆರಿದ ಹೊತ್ತು ನೋಡಿ ಬಣ್ಣಕ್ಕೆ ಕೂರುತ್ತೇನೆ. ತೆಳುವಾಗಿ ಪ್ರೈಮರ್, ಅದು ಒಣಗಿದ ಮೇಲೆ ಮಂಜಿನಷ್ಟು ತೆಳು ಬಣ್ಣ, ಮತ್ತೆ ಒಣಗಲು ಬಿಟ್ಟು ಇನ್ನೊಂದು ಪದರ. ಬಂಪರಿಗೂ ಗ್ರಿಲ್ಲಿಗೂ ಒಂದು ಬದಿಗೆ ಅಂಟು ಇರುವ ತೆಳು ಲೋಹದ ಹಾಳೆ ಒತ್ತಿ, ಅಂಚನ್ನು ಹೊಸ ಬ್ಲೇಡಿನಿಂದ ಕೊಯ್ದು ತೆಗೆಯಬೇಕು. ನಂಬರ್ ಪ್ಲೇಟು ಕಪ್ಪು, ಅಕ್ಷರ ಬಿಳಿ. ಈ ಕಾರುಗಳು ಹೊಸದಾಗಿದ್ದ ಕಾಲದಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ, 1973ರ ನವೆಂಬರಿನಲ್ಲಿ ಕರ್ನಾಟಕವಾದದ್ದು. ಹಾಗಾಗಿ ನಂಬರು ಎಂವೈ ಎಂದೇ ಶುರುವಾಗಬೇಕು. ಸಾಮಾನ್ಯ ಪ್ರಿಂಟರಿಗೆ ಬಿಳಿ ಶಾಯಿ ಇರುವುದಿಲ್ಲ. ಬಿಳಿ ಡೆಕಾಲ್ ಹಾಳೆಯ ಮೇಲೆ ಕಪ್ಪು ಹಿನ್ನೆಲೆಯನ್ನಷ್ಟೇ ಮಣಿಪಾಲದ ಅಂಗಡಿಯಲ್ಲಿ ಅಚ್ಚು ಹಾಕಿಸಿದರೆ ಅಕ್ಷರಗಳು ತಾವಾಗಿಯೇ ಬಿಳಿಯಾಗಿ ಉಳಿಯುತ್ತವೆ. ಕೊನೆಗೆ ಟಯರ್ ಹಾಕುವ ಮುಂಚೆ ರಿಮ್ಮಿಗೆ ಒಂದು ಸುತ್ತು ಲೋಹದ ಹಾಳೆ, ಹಳೆಯ ಕಾಯಿಲೆ ಮತ್ತೆ ಬಾರದಿರಲಿ ಎಂದು.

ಹೊಸ ಪೆಟ್ಟಿಗೆ ತಂದು ಕಟ್ಟುವುದರಲ್ಲಿ ಸಂತೋಷವಿಲ್ಲವೆಂದಲ್ಲ. ಆದರೆ ಹಳೆಯದನ್ನು ಉಳಿಸುವುದರಲ್ಲಿ ಕೈಗೆ ಸಿಗುವ ಶಿಕ್ಷಣ ದೊಡ್ಡದು. ಅಂಟು ಹೇಗೆ ಹಿಡಿಯುತ್ತದೆ, ಬಣ್ಣ ಯಾಕೆ ಬಿಳಿಚುತ್ತದೆ, ವಸ್ತುವೊಂದು ಯಾವ ಕ್ರಮದಲ್ಲಿ ಕಟ್ಟಲ್ಪಟ್ಟಿತು ಎಂಬುದನ್ನು ಬಿಚ್ಚಿದವನೇ ಬಲ್ಲ. ನಮ್ಮ ಕರಾವಳಿಯ ಹುಡುಗರಲ್ಲಿ ಈ ಕೈಗುಣ ಈಗಲೂ ಇದೆ. ಫೋಮ್ ಹಾಳೆ ಕತ್ತರಿಸಿ ತಾವು ದಿನಾ ಹತ್ತುವ ಖಾಸಗಿ ಬಸ್ಸುಗಳ ಮಾದರಿಗಳನ್ನು ಬಣ್ಣ, ಹೆಸರು, ಏಣಿ ಸಮೇತ ಮಾಡುವವರಿದ್ದಾರೆ. ಸೆಂಟಿ ಕಂಪೆನಿಯ ಅಗ್ಗದ ಪ್ಲಾಸ್ಟಿಕ್ ಅಂಬಾಸಿಡರನ್ನು ಬಿಚ್ಚಿ, ಬಣ್ಣ ಬದಲಿಸಿ, ಅಸಲಿ ಟ್ಯಾಕ್ಸಿಯಂತೆ ಮಾಡುವುದೂ ಇದೇ ಕಲೆಯ ಒಳ್ಳೆಯ ಮೊದಲ ಪಾಠ.

ನಿಮ್ಮ ಅಟ್ಟದಲ್ಲೂ ಗಲ್ಫಿನ ಮಾವನೋ ಬೊಂಬಾಯಿಯ ದೊಡ್ಡಪ್ಪನೋ ತಂದ ಇಂಥದೊಂದು ಕಾರು ಮುರಿದು ಬಿದ್ದಿರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ, ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯಲೂ ಹೋಗಬೇಡಿ. ಕೆಳಗಿಳಿಸಿ, ಟಯರುಗಳನ್ನು ಕಳಚಿ ಬೇರೆ ಇಡಿ, ಬಿದ್ದುಹೋದ ಚೂರುಗಳನ್ನೆಲ್ಲ ಹೆಕ್ಕಿ ಒಂದು ಡಬ್ಬದಲ್ಲಿ ಹಾಕಿ. ಮನೆಯಲ್ಲಿ ಹತ್ತು-ಹನ್ನೆರಡು ವರ್ಷದ ಮಗುವಿದ್ದರೆ ಈ ಮಳೆಗಾಲದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಜೊತೆಯಾಗಿ ತೊಳೆಯಿರಿ. ಬಣ್ಣಕ್ಕೆ ಮಾತ್ರ ದಸರಾ ಮುಗಿಯುವವರೆಗೆ ಕಾಯಿರಿ.